ಯಂತ್ರಗಳ ಶರಣು ಮತ್ತು ಗಂಗಕ್ಕನ ಕುರ್ಚಿ

ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ನಾನು ಸಿಸ್ಟಮ್ ಅಡ್ಮಿನಿಸ್ಟ್ರೇಟರ್. ಹಾಗೆಂದು ವಿಸಿಟಿಂಗ್ ಕಾರ್ಡ್ ಅಚ್ಚು ಹಾಕಿಸಿಕೊಂಡವನೂ ನಾನೇ. ಮಿಲ್ಲಿನಲ್ಲಿ ಇರುವುದು ಒಂದೇ ಕಂಪ್ಯೂಟರ್. ಅದರ ಕೀಬೋರ್ಡಿನೊಳಗೆ ಸೇರಿಕೊಂಡ ಶೇಂಗಾ ಹೊಟ್ಟಿನ ಧೂಳನ್ನು ಊದುವುದರಲ್ಲೇ ನನ್ನ ಆಡಳಿತದ ಬಹುಪಾಲು ಕಳೆಯುತ್ತದೆ. ಇಷ್ಟಾದರೂ ಈ ಕೆಲಸ ನನ್ನ ಕೈಯಲ್ಲಿ ಉಳಿದಿದೆ ಎಂದರೆ ಅದಕ್ಕೆ ಗಂಗಕ್ಕ ಕಾರಣ. ಅವಳ ವಿಷಯವನ್ನೇ ಬರೆಯಬೇಕೆಂದು ಕೂತಿದ್ದೇನೆ.

ಗಂಗಲಕ್ಷ್ಮಿ ಸಿದ್ದಾಪುರದ ಕುರಿಗಾರರ ಮನೆಯ ಮಗಳು. ಬಂಡೆಗಳ ನಡುವೆ ಚದುರಿದ ಕುರಿಗಳನ್ನು, ಅವಕ್ಕಿಂತ ಬೇಗ ಚದುರುತ್ತಿದ್ದ ತಮ್ಮಂದಿರನ್ನು ಕೂಗಿ ಕರೆದೇ ಬೆಳೆದವಳು. ಮದುವೆಯಾಗಿ ಚಳ್ಳಕೆರೆಗೆ ಬಂದ ಮೇಲೆ ಮಿಲ್ಲಿನ ಅಂಗಳದಲ್ಲಿ ಶೇಂಗಾ ಕಾಯಿ ಆರಿಸುವ ಕೂಲಿಗೆ ಸೇರಿದಳು. ಒಂದು ಮಧ್ಯಾಹ್ನ ಆಫೀಸಿನಲ್ಲಿ ಗುಮಾಸ್ತರಿರಲಿಲ್ಲ. ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಗಂಗಕ್ಕ ಕೈ ಒರೆಸಿಕೊಂಡು ಒಳಗೆ ಹೋಗಿ ಎತ್ತಿದಳು. ಆ ಕಾಲದ ಲೈನುಗಳಲ್ಲಿ ಗಂಟಲು ಹರಿದುಕೊಂಡರೂ ಅರ್ಧ ಮಾತು ತಲುಪುತ್ತಿರಲಿಲ್ಲ. ಇವಳ ಮಾತು ಪೂರ್ತಿ ತಲುಪಿತು. ಆ ಕಡೆಯಿಂದ ಮಾತಾಡುತ್ತಿದ್ದ ರಾಯದುರ್ಗದ ವ್ಯಾಪಾರಿ ನಾಳೆಯಿಂದ ಈಕೆಯೇ ಫೋನ್ ಮಾಡಲಿ ಎಂದನಂತೆ. ಹೀಗೆ ಅವಳಿಗೆ ಆಫೀಸಿನ ಕುರ್ಚಿ ಸಿಕ್ಕಿತು. ಅಲ್ಲಿಂದ ಮುಂದೆ ದಿನಾ ಸಂಜೆ ಎಣ್ಣೆ ಮತ್ತು ದನಗಳಿಗೆ ಹಾಕುವ ಹಿಂಡಿಯ ದರವನ್ನು ಊರೂರಿನ ವ್ಯಾಪಾರಿಗಳಿಗೆ ಕನ್ನಡದಲ್ಲೂ ತೆಲುಗಿನಲ್ಲೂ ತಿಳಿಸುವುದು ಅವಳ ಕೆಲಸವಾಯಿತು.

ಆ ಕುರ್ಚಿಗೆ ಸಂಚಕಾರ ತಂದವನು ನಾನು. ಎರಡು ಸಾವಿರದ ಮೂರರಲ್ಲಿ ಮಿಲ್ಲಿನ ಯಜಮಾನರಾದ ಜಂಬುಲಿಂಗಪ್ಪನವರು ಕಂಪ್ಯೂಟರ್ ತಂದರು. ಡಿಪ್ಲೊಮಾ ಹಿಡಿದು ಅಲೆಯುತ್ತಿದ್ದ ನನ್ನನ್ನೂ ಅದರ ಜೊತೆಗೆ ತಂದರು. ಸಂಜೆಯಾದರೆ ಕಂಪ್ಯೂಟರ್ ತಾನೇ ಇಂಟರ್‌ನೆಟ್ಟಿಗೆ ಡಯಲ್ ಮಾಡಿ ದರದ ವರದಿಯನ್ನು ಎಲ್ಲರಿಗೂ ಇ-ಮೇಲ್ ಮಾಡುವಂತೆ ನಾನು ಜೋಡಿಸಬೇಕಿತ್ತು. ಹೊಸ ಶೇಂಗಾ ಬರುವ ಹೊತ್ತಿಗೆ ಅದು ಸರಿಹೋದರೆ ಗಂಗಮ್ಮ ವಾಪಸ್ ಅಂಗಳಕ್ಕೆ ಎಂದು ಯಜಮಾನರು ಅವಳ ಮುಂದೆಯೇ ಹೇಳಿದ್ದರು.

ಇಂಥ ಸ್ಥಿತಿಯಲ್ಲಿ ನಾನಾಗಿದ್ದರೆ ಹೊಸಬನಿಗೆ ಫ್ಯಾನಿನ ಸ್ವಿಚ್ಚನ್ನೂ ತೋರಿಸುತ್ತಿರಲಿಲ್ಲ. ಗಂಗಕ್ಕ ಎಲ್ಲವನ್ನೂ ತೋರಿಸಿದಳು. ಯಾರಿಗೆ ಹಿಂಡಿಯ ದರ ಮೊದಲು ಬೇಕು, ಯಾರಿಗೆ ಎಣ್ಣೆಯದು ಸಾಕು, ಯಾರ ಅಂಗಡಿಯಲ್ಲಿ ಕಂಪ್ಯೂಟರ್ ಅಳಿಯನ ಸುಪರ್ದಿಯಲ್ಲಿದೆ, ಆ ಅಳಿಯ ಯಾವಾಗ ಮುನಿಸಿಕೊಂಡಿರುತ್ತಾನೆ, ಎಲ್ಲ. ನನಗೆ ಕಸಬಿನ ಗಂಧವಿರಲಿಲ್ಲ. ಮೊದಲ ವರದಿಯಲ್ಲಿ ಹಿಂಡಿಯನ್ನು ಎಣ್ಣೆಗಿಂತ ದುಬಾರಿ ಮಾಡಿದ್ದೆ. ಕಳಿಸುವ ಮುಂಚೆ ಅವಳು ಹಿಂದೆ ನಿಂತು ನೋಡಿ, ಇದು ಹೋದರೆ ಊರಿನ ಎಮ್ಮೆಗಳೆಲ್ಲ ಉಪವಾಸ ಬೀಳುತ್ತವೆ ಎಂದಳು.

ವರದಿ ಒಂದು ಹದಕ್ಕೆ ಬಂದಿತು. ಅಷ್ಟರಲ್ಲಿ ಯಜಮಾನರಿಗೆ ಇನ್ನೊಂದು ಆಸೆ ಹುಟ್ಟಿತು. ಬಂದ ಪತ್ರಕ್ಕೆ ಉತ್ತರ ಕೊಡದೆ ಇರುವುದು ಅವರ ಮನೆತನದಲ್ಲಿಲ್ಲ. ಅದಕ್ಕೆ ಯಾವ ಮೇಲ್ ಬಂದರೂ ‘ತಮ್ಮ ಪತ್ರ ತಲುಪಿತು, ಶರಣು’ ಎಂದು ತಾನಾಗಿ ಉತ್ತರ ಹೋಗುವಂತೆ ಮಾಡಿಸಿದರು. ನನಗೂ ವಿದ್ಯೆ ತೋರಿಸುವ ಚಪಲ. ಮಾಡಿಕೊಟ್ಟೆ. ದಾವಣಗೆರೆಯಲ್ಲಿದ್ದ ನಮ್ಮ ದೊಡ್ಡ ಗಿರಾಕಿ ಜಯದೇವಪ್ಪನವರಿಗೆ ಇದು ಬಹಳ ಹಿಡಿಸಿತು. ಶರಣು ಎಂದವರಿಗೆ ಶರಣು ಎನ್ನದೆ ಇರಲಾದೀತೇ ಎಂದು ಅವರೂ ತಮ್ಮ ಕಂಪ್ಯೂಟರಿಗೆ ಅಂಥದ್ದೇ ಕಲಿಸಿದರು. ನಮಗೆ ಹೇಳಲಿಲ್ಲ.

ಮಾರನೆಯ ದಿನ ಆಫೀಸಿಗೆ ಬಂದು ನೋಡಿದರೆ ಮೇಲ್‌ಪೆಟ್ಟಿಗೆ ಉಬ್ಬಿಹೋಗಿತ್ತು. ನಮ್ಮ ವರದಿಗೆ ಅವರ ಯಂತ್ರ ಶರಣು ಎಂದಿದೆ. ಅದಕ್ಕೆ ನಮ್ಮದು ಶರಣು ಎಂದಿದೆ. ಅದಕ್ಕೆ ಅವರದು. ತೆರೆಯ ತುಂಬ ಶರಣೇ. ಯಜಮಾನರು ಬಗ್ಗಿ ನೋಡಿ, ಜಯದೇವಪ್ಪ ಎಷ್ಟೊಂದು ಸಲ ನೆನೆಸಿಕೊಂಡಿದ್ದಾರೆ ಎಂದು ಸಂತೋಷಪಟ್ಟರು. ಆ ಸಂತೋಷ ಬಹಳ ಹೊತ್ತು ನಿಲ್ಲಲಿಲ್ಲ. ಮೇಲ್ ಕಂಪನಿಯವರು ಈ ಮೇಲುಗಳ ಭರಾಟೆ ಕಂಡು ನಮ್ಮ ಖಾತೆಗೆ ಬೀಗ ಹಾಕಿದ್ದರು. ಆ ಸಂಜೆಯ ವರದಿ ಹೋಗುವಂತಿರಲಿಲ್ಲ. ಹೊರಗೆ ಹೊಸ ಶೇಂಗಾದ ಲಾರಿಗಳು ನಿಂತಿದ್ದವು.

ಸಂಜೆಯಾಗುತ್ತಲೇ ಗಂಗಕ್ಕ ಕುರ್ಚಿ ಎಳೆದು ಕೂತಳು. ಫೋನನ್ನು ಹತ್ತಿರಕ್ಕೆಳೆದುಕೊಂಡು ರಾಯದುರ್ಗದಿಂದ ಶುರುಮಾಡಿ ಒಬ್ಬೊಬ್ಬರಿಗೇ ದರ ಹೇಳುತ್ತ ಹೋದಳು. ನಾನು ಪಕ್ಕದಲ್ಲಿ ನಿಂತು ಅವಳಿಗೆ ನೀರು ಕೊಡುವ ಆಡಳಿತ ಮಾಡಿದೆ. ಯಾರೋ ಮೇಲ್ ಏಕಿಲ್ಲವೆಂದು ಕೇಳಿದಾಗ, ನಮ್ಮ ಹುಡುಗನೇ ಇವತ್ತು ಫೋನಲ್ಲಿ ಹೇಳು ಅಂದ ಎಂದುಬಿಟ್ಟಳು.

ದರವೆಲ್ಲ ತಲುಪಿದ ಮೇಲೆ ಯಜಮಾನರು ನನ್ನ ಕಡೆ ತಿರುಗಿದರು. "ಲೇ ಬಾಲರಾಜ, ಇದನ್ನ ಮಾಡ್ದೋನು ಯಾರು?"

ನಾನು ಬಾಯಿ ತೆರೆಯುವಷ್ಟರಲ್ಲಿ ಗಂಗಕ್ಕ ಹೇಳಿದಳು: "ಯಾರೂ ಅಲ್ರೀ. ಎರಡು ಮಿಷನ್ನು ಒಂದಕ್ಕೊಂದು ಮರ್ಯಾದಿ ಕೊಟ್ಕಂತಾವೆ."

ಖಾತೆಯ ಬೀಗ ತೆಗೆಸಿದ ಕೂಡಲೇ ಶರಣು ಮತ್ತೆ ಶುರುವಾಗುವಂತಿತ್ತು. ನಮ್ಮ ಕಡೆಯ ಉತ್ತರವನ್ನು ನಾನು ಒಂದು ಗುಂಡಿ ಒತ್ತಿ ನಿಲ್ಲಿಸಬಹುದಿತ್ತು. ಯಜಮಾನರು ಬಿಡಲಿಲ್ಲ. ಮೊದಲು ಸುಮ್ಮನಾದವರು ಸಣ್ಣವರಾಗುತ್ತಾರಂತೆ. ದಾವಣಗೆರೆಗೆ ಫೋನು ಮಾಡಿದರು. ನೀವು ಮೊದಲು ನಿಲ್ಲಿಸಿ ಎಂದು ಇವರು, ಹಿರಿಯರು ಶರಣು ಅನ್ನುವಾಗ ನಾನು ಸುಮ್ಮನಿರುವುದು ಹೇಗೆ ಎಂದು ಅವರು. ಎರಡು ಯಂತ್ರ ಮಾಡಿದ್ದನ್ನೇ ಈಗ ಇಬ್ಬರು ವ್ಯಾಪಾರಿಗಳು ಮಾಡುತ್ತಿದ್ದರು, ಅದೂ ಎಸ್‌ಟಿಡಿ ದರದಲ್ಲಿ.

ಗಂಗಕ್ಕ ಸ್ವಲ್ಪ ಹೊತ್ತು ಕೇಳಿದಳು. ಆಮೇಲೆ ಎಂದಳು: "ಯಜಮಾನ್ರೇ, ಎಲ್ಡೂ ಕಡೆ ಒಟ್ಟಿಗೇ ಬಾಯಿ ಮುಚ್ಚಿಸ್ರಿ. ರೇಟು ಮಿಷನ್ನು ಹೇಳ್ಲಿ. ಶರಣು ನಾನು ಹೇಳ್ತೀನಿ, ದಿನಾ ಫೋನ್ ಮಾಡಿ. ಮನುಷ್ಯರು ಹೇಳಿದ್ರೆ ಒಂದ್ಸಲಕ್ಕೆ ಮುಗಿತೈತೆ."

ಅವಳ ಗಂಟಲು ಎಂಥದ್ದೆಂದು ಹೇಳಿದ್ದೇನಲ್ಲ, ಜಯದೇವಪ್ಪನವರಿಗೆ ಅಲ್ಲಿಗೇ ಕೇಳಿಸಿತು. ಆಯಮ್ಮ ಹೇಳಿದ್ದು ಸರಿ ಎಂದರಂತೆ. ಯಜಮಾನರು ಫೋನಿಟ್ಟು ಮೂಗು ಒರೆಸಿಕೊಂಡರು.

"ಹಂಗಾರೆ ಅಂಗಳದ ಮಾತು ಬಿಟ್ಬಿಡು ಗಂಗಮ್ಮ," ಎಂದರು. "ಕುರ್ಚಿ ಅಲ್ಲೇ ಇರ್ಲಿ."

ಗಂಗಕ್ಕ ಹೂಂ ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ಹೊರಗೆ ಹೋಗಿ, ಲಾರಿಗಳ ಮರೆಯಲ್ಲಿ ಸ್ವಲ್ಪ ಹೊತ್ತು ಒಬ್ಬಳೇ ನಿಂತು ಬಂದಳು.

ಅವತ್ತು ಟೀ ಕುಡಿಯುವಾಗ ಕೇಳಿದೆ, ಅಕ್ಕಾ, ನೀನು ಸುಮ್ಮನಿದ್ದಿದ್ದರೆ ನನ್ನ ಓಡಿಸುತ್ತಿದ್ದರು, ನಿನ್ನ ಕುರ್ಚಿ ತಾನಾಗೇ ಉಳಿಯುತ್ತಿತ್ತು, ಯಾಕೆ ಅಡ್ಡ ಬಂದೆ ಎಂದು.

"ನೀನು ಹೋಗಿದ್ರೆ ಇನ್ನೊಬ್ಬ ಬರ್ತಿದ್ದ ಕಣಪ್ಪ. ಅವನಿಗೆ ಮತ್ತೆ ಮೊದ್ಲಿಂದ ಕಲಿಸ್ಬೇಕಲ್ಲ. ನೀನು ಅರ್ಧನಾದ್ರೂ ಕಲ್ತಿದೀಯ."

ಈ ಮಾತಾಗಿ ಮೂರು ವರ್ಷವಾಯಿತು. ವರದಿ ಈಗ ತಪ್ಪದೆ ಹೋಗುತ್ತದೆ. ಗಂಗಕ್ಕ ಫೋನು ಮಾಡುತ್ತಾಳೆ, ಯಜಮಾನರು ಬಿಲ್ಲು ನೋಡಿ ಗೊಣಗಿ ಕಟ್ಟುತ್ತಾರೆ. ತಿಂಗಳ ಕೊನೆಗೆ ಸಂಬಳ ಎಣಿಸಿಕೊಳ್ಳುವಾಗ ಅವಳ ಋಣ ನೆನಪಾಗುತ್ತದೆ. ಉಳಿದರ್ಧವನ್ನು ಅವಳು ಇನ್ನೂ ಕಲಿಸುತ್ತಲೇ ಇದ್ದಾಳೆ.