ಒಂದು ಮಾರು ಹೆಚ್ಚು

ಜಯಕರ ಭಾವ, ನಿಮ್ಮ ಕೈಗುಣ ಎಲ್ಲಿಗೂ ಹೋಗಿಲ್ಲ. ಹೋಯಿತೆಂದು ನೀವು ನಂಬುವಂತೆ ಮಾಡಿದವನು ನಾನು — ನಿಮ್ಮ ತಂಗಿ ಶೈಲಾಳ ಗಂಡ. ಒಂದೇ ದೋಣಿಯಲ್ಲಿ ನಿಮ್ಮ ಎದುರು ಕುಳಿತು, ನಿಮ್ಮ ಕಣ್ಣು ಮಂಜಾಗಿದೆಯೆಂದು ಗೊತ್ತಿದ್ದೂ, ಎರಡು ವರ್ಷ ನಿಮಗೆ ಸುಳ್ಳು ಹೇಳಿದೆ.

ಬಾಯಿಬಿಟ್ಟು ಹೇಳಲು ಐದಾರು ಸಲ ಪ್ರಯತ್ನಿಸಿದ್ದೇನೆ. ಮಿಸಿಸಾಗದಿಂದ ನಿಮ್ಮ ಎಟೋಬಿಕೋಕ್ ಮನೆಗೆ ಕಾರಿನಲ್ಲಿ ಇಪ್ಪತ್ತೇ ನಿಮಿಷ. ಬಾಗಿಲು ತೆರೆದ ಕೂಡಲೇ ನೀವು ‘ಬಾ ಮಾರಾಯ, ಚಾ ಆಯ್ತಾ’ ಎನ್ನುತ್ತೀರಿ — ಅಲ್ಲಿಗೆ ನನ್ನ ಧೈರ್ಯ ಚಹಾದ ಜೊತೆ ಹೊಟ್ಟೆಗೆ ಇಳಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ದೋಣಿ ಕೊಂಡ ಹೊಸದರಲ್ಲಿ ನನ್ನ ಜಂಬ ನಿಮಗೆ ನೆನಪಿರಬೇಕು. ವೀಡಿಯೊ ನೋಡಿ ನೋಡಿ ವಾಲ್‌ಐ ಶಾಸ್ತ್ರ ಕಲಿತಿದ್ದೆ — ಇಲ್ಲಿಯ ಹಳಬರು ಪಿಕರಲ್ ಎನ್ನುವ, ಬೆಕ್ಕಿನಂತೆ ಕಣ್ಣು ಹೊಳೆಯುವ ಆ ಮೀನಿನ ಶಾಸ್ತ್ರ. ಎಲೆ ಕೆಂಪಾಗುವ ಹೊತ್ತಿಗೆ ದೊಡ್ಡ ಮೀನುಗಳು ಒಂಟಾರಿಯೊ ಸರೋವರದಿಂದ ಪೂರ್ವದ ಕೊಲ್ಲಿಗೆ ಬರುತ್ತವೆ. ತಳದಲ್ಲಿ ಕೂರುವುದಿಲ್ಲ, ಸಣ್ಣ ಮೀನಿನ ಹಿಂಡಿನ ಕೆಳಗೆ ನಡುನೀರಿನಲ್ಲಿ ನಿಲ್ಲುತ್ತವೆ. ನೀರು ತಣ್ಣಗಾದಷ್ಟೂ ಗಾಳವನ್ನು ನಿಧಾನವಾಗಿ ಆಡಿಸಬೇಕು. ಎಲ್ಲಕ್ಕಿಂತ ಮುಖ್ಯ, ಗಾಳ ಮೀನಿನ ತಲೆಗಿಂತ ತುಸು ಮೇಲಿರಬೇಕು. ಅದು ಮೇಲೆ ನೋಡಿ ಬೇಟೆಯಾಡುವ ಮೀನು. ಹೊಟ್ಟೆಯ ಕೆಳಗೆ ಏನು ಹಾಯ್ದರೂ ತಿರುಗಿ ನೋಡುವುದಿಲ್ಲ.

ಇಷ್ಟೆಲ್ಲ ತಿಳಿದೂ ಮೂರು ವರ್ಷದಲ್ಲಿ ನನಗೆ ಸಿಕ್ಕಿದ್ದು ಎರಡೇ ಎರಡು. ನೀವು ಮೊದಲ ಸಲ ದೋಣಿ ಹತ್ತಿದ ದಿನವೇ ನಾಲ್ಕು ಎತ್ತಿದಿರಿ. ಉದ್ಯಾವರದ ಹೊಳೆಯಲ್ಲಿ ಗಾಳ ಹಾಕಿ ಬೆಳೆದ ಕೈ! ಮೀನು ಎಷ್ಟು ಆಳದಲ್ಲಿದೆಯೆಂದು ತೋರಿಸುವ ದೋಣಿಯ ಸ್ಕ್ರೀನಿನ ಅಡಿಗಳು ನಿಮಗೆ ಕಾಣಿಸುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ‘ಎಷ್ಟು ಮಾರು?’ ಎಂದು ಕೇಳುತ್ತಿದ್ದಿರಿ. ನಾನು ಅಡಿಯನ್ನು ಆರರಿಂದ ಭಾಗಿಸಿ ಹೇಳುತ್ತಿದ್ದೆ. ನೀವು ಎರಡು ಕೈ ಚಾಚಿ ದಾರ ಅಳೆದು, ಒಂದು, ಎರಡು ಎಂದು ಎಣಿಸುತ್ತ ನೀರಿಗೆ ಬಿಡುತ್ತಿದ್ದಿರಿ.

ಆ ಸಂಜೆ ಶೈಲಾ ರವೆ ಹಚ್ಚಿ ಹುರಿದಳು. ಅಂಥ ಮೀನು ಊರಲ್ಲೂ ತಿಂದಿಲ್ಲ ಎಂದು ನಾನೇ ಹೊಗಳಿದೆ. ಅವಳು ನಗುತ್ತ, "ಅಣ್ಣನ ಕೈಗುಣ ಅದು. ನಿಮ್ಮದೆಂತ, ಬರೀ ಸ್ಕ್ರೀನು" ಎಂದಳು. ತಮಾಷೆಯ ಮಾತು. ಎಲ್ಲರೂ ನಕ್ಕರು, ನಾನೂ ನಕ್ಕೆ. ಒಳಗೆ ಮಾತ್ರ — ಹೊಟ್ಟೆಕಿಚ್ಚು ಎಂಬುದಕ್ಕೆ ಇನ್ನೊಂದು ಒಳ್ಳೆಯ ಹೆಸರು ಹುಡುಕಿ ಸೋತಿದ್ದೇನೆ.

ಮುಂದಿನ ಶನಿವಾರ ಮೀನುಗಳು ಮೂವತ್ತು ಅಡಿಯಲ್ಲಿದ್ದವು. "ಎಷ್ಟು ಮಾರು?" ಎಂದಿರಿ.

"ಆರು," ಎಂದೆ.

ಒಂದೇ ಒಂದು ಮಾರು ಹೆಚ್ಚು. ನಿಮ್ಮ ಗಾಳ ಮೀನುಗಳ ಹೊಟ್ಟೆಯ ಕೆಳಗೆ ಸುಮ್ಮನೆ ಆಡುತ್ತಿತ್ತು, ನನ್ನದು ತಲೆಯ ಮೇಲೆ. ಅಂದು ನನಗೆ ಮೂರು ಸಿಕ್ಕವು. ನಿಮಗೆ ಒಂದೂ ಇಲ್ಲ.

ಒಮ್ಮೆ ಮಾಡಿ ಬಿಟ್ಟಿದ್ದರೆ... ಬಿಡಲಿಲ್ಲ. ಆ ವರ್ಷವೂ, ಮರುವರ್ಷವೂ ಅದೇ. ನಿಮಗೆ ಅನುಮಾನವೇ ಬರಲಿಲ್ಲ. ದಾರ ಬದಲಿಸಿದಿರಿ, ಕೂರುವ ಜಾಗ ಬದಲಿಸಿದಿರಿ, ಹೊರಡುವ ಮೊದಲು ದೇವರಿಗೆ ದೀಪ ಇಟ್ಟು ಬಂದಿರಿ. ಕೊನೆಗೊಂದು ದಿನ ದಾರ ಸುತ್ತಿ, ಅಂಗೈ ನೋಡಿಕೊಂಡು, "ಕೈಗುಣ ಹೋಯ್ತು ಮಾರಾಯ" ಎಂದಿರಿ. ನಾನು ಸಮಾಧಾನ ಬೇರೆ ಹೇಳಿದೆ. ನನ್ನ ಪೆಟ್ಟಿಗೆಯಿಂದ ಎರಡು ಮೀನು ತೆಗೆದು ನಿಮಗೆ ಕೊಟ್ಟೆ — ಧಾರಾಳಿಯಂತೆ! ಅದನ್ನು ನೆನೆದರೆ ಇಂದಿಗೂ ಮೈ ಹಿಡಿಯಾಗುತ್ತದೆ.

ನೀವು ದೋಣಿಗೆ ಬರುವುದನ್ನು ನಿಲ್ಲಿಸಿದಿರಿ. ಅಲ್ಲಿಗೇ ಮುಗಿಯಿತು ಎಂದುಕೊಂಡೆ. ಆದರೆ ನಮ್ಮವರಲ್ಲಿ ಕೈಗುಣ ಮೀನಿಗಷ್ಟೇ ಅಲ್ಲವಲ್ಲ. ಪ್ರತಿ ಬೇಸಿಗೆ ಹಿತ್ತಲಲ್ಲಿ ಬಸಳೆ ನೆಡುತ್ತಿದ್ದ ನೀವು ಅತ್ತಿಗೆಯ ಕೈಯಲ್ಲಿ ನೆಡಿಸತೊಡಗಿದಿರಿ. ನಿಮ್ಮ ಮಗ ಹೊಸ ಮನೆ ಹೊಕ್ಕಾಗ ಹಾಲು ಉಕ್ಕಿಸಲು ಕರೆದರೆ ಹಿಂದೆ ಸರಿದಿರಿ. ಪ್ರತಿ ಸಲ ನಾನು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡೆ, ಬಾಯಿ ಮಾತ್ರ ತೆರೆಯಲಿಲ್ಲ.

ಬದುಕು ನನಗೇನೂ ಕಡಿಮೆ ಮಾಡಿಲ್ಲ, ಭಾವ. ಮನೆ ತುಂಬ ನಗು ಇದೆ. ಮುಂದಿನ ತಿಂಗಳು ಮಗಳು ಶ್ರಾವ್ಯಳ ಮದುವೆ. ಬೇಸ್‌ಮೆಂಟು ತುಂಬ ಸೀರೆಯ ಪೆಟ್ಟಿಗೆಗಳು. ಹೀಗೆ ತೃಪ್ತಿಯಿಂದ ಕುಳಿತಿದ್ದಾಗಲೇ ಕಳೆದ ಭಾನುವಾರ ನಿಮ್ಮ ಫೋನು ಬಂತು. ಸೋದರಮಾವ ಹುಡುಗಿಯ ಕೈ ಹಿಡಿದು ಮಂಟಪಕ್ಕೆ ಕರೆತರಬೇಕು. ಆ ಕೆಲಸ ನಿಮ್ಮದು. ನೀವು ಹೇಳಿದಿರಿ, "ಬೇರೆ ಯಾರಾದ್ರೂ ಕರ್ಕೊಂಡು ಬರ್ಲಿ. ನನ್ನ ಕೈ ಹೇಗುಂಟು ಅಂತ ನಿನಗೆ ಗೊತ್ತುಂಟಲ್ಲ. ಮಗುವಿಗೆ ಒಳ್ಳೇದಾಗ್ಬೇಕು."

ಸ್ಪೀಕರಿನಲ್ಲಿ ಕೇಳುತ್ತಿದ್ದ ಶ್ರಾವ್ಯಾ, "ಮಾಮ, ಐ ವಾಂಟ್ ಓನ್ಲಿ ಯೂ" ಎಂದು ಅತ್ತುಬಿಟ್ಟಳು. ನಿಮ್ಮ ಕೈ ಹೇಗಿದೆಯೆಂದು ನನಗೆ ಗೊತ್ತಿತ್ತು. ಇಡೀ ಪ್ರಪಂಚದಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

ಇಲ್ಲಿಯವರೆಗೆ ಬರೆದದ್ದನ್ನು ಮೊದಲು ಶೈಲಾಳಿಗೂ ಶ್ರಾವ್ಯಳಿಗೂ ಓದಿ ಹೇಳಿದ್ದೇನೆ. ಶೈಲಾ ಬೈಯುತ್ತಾಳೆಂದು ಕಾದೆ; ಬೈಯಲಿಲ್ಲ. "ಅಣ್ಣನಿಗೆ ಇವತ್ತೇ ಕೊಟ್ಟು ಬನ್ನಿ" ಎಂದಷ್ಟೇ ಹೇಳಿ ಒಳಗೆ ಹೋದಳು. ಅವಳ ಜೊತೆ ನಾನೇ ಸರಿಮಾಡಿಕೊಳ್ಳಬೇಕಾದ್ದು ಬೇರೆ ಇದೆ.

ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ನೀವು ನನ್ನೊಡನೆ ಮಾತು ಬಿಟ್ಟರೂ ಅದು ನ್ಯಾಯವೇ. ಮಗಳ ಕೈ ಮಾತ್ರ ನೀವೇ ಹಿಡಿಯಿರಿ. ಅದಕ್ಕಿಂತ ಒಳ್ಳೆಯ ಕೈ ನಮ್ಮ ಕುಟುಂಬದಲ್ಲಿ ಇಲ್ಲ.

ಇನ್ನೊಂದು ಮಾತು. ಮೀನುಗಳು ಕೊಲ್ಲಿಗೆ ಬಂದಿವೆ. ಹೋದ ವರ್ಷ ಪೊರೆ ತೆಗೆಸಿಕೊಂಡ ಮೇಲೆ ನಿಮ್ಮ ಕಣ್ಣು ನನ್ನದಕ್ಕಿಂತ ಚುರುಕು. ಮನಸ್ಸು ಬಂದ ಶನಿವಾರ — ಈ ವರ್ಷ ಬರದಿದ್ದರೆ ಮುಂದಿನ ವರ್ಷ — ಸ್ಕ್ರೀನಿನ ಎದುರು ನೀವು ಕುಳಿತುಕೊಳ್ಳಿ. ಎಷ್ಟು ಮಾರು ಎಂದು ನಾನು ಕೇಳುತ್ತೇನೆ. ಇಣುಕಿ ನೋಡುವುದಿಲ್ಲ. ನೀವು ಹೇಳಿದಷ್ಟು ಎಣಿಸಿ ಬಿಡುತ್ತೇನೆ, ಒಂದು ಮಾರು ಹೆಚ್ಚು ಹೇಳಿದರೂ.