ನಿಲ್ಲದೆ ನಡೆದುಹೋದವನು

ರಕ್ತದ ಬಗ್ಗೆ ನನಗಿರುವ ಜ್ಞಾನವೆಲ್ಲ ಮ್ಯಾನ್‌ಹಟನ್ನಿನ ನಲವತ್ತೆರಡನೇ ಬೀದಿಯ ಥಿಯೇಟರುಗಳ ಪ್ರಸಾದ. ಅಲ್ಲಿ ತೋರಿಸುತ್ತಿದ್ದ ಹೊಡೆದಾಟದ ಅಗ್ಗದ ಸಿನಿಮಾಗಳಲ್ಲಿ ಗುಂಡು ತಗುಲಿದವನ ಎದೆಯಿಂದ ಹರಿಯುತ್ತಿದ್ದುದು, ಬೇಕಾದರೆ ಪ್ರಮಾಣ ಮಾಡಿ ಹೇಳುತ್ತೇನೆ, ಆರತಿ ತಟ್ಟೆಯ ಓಕುಳಿ. ಅರಿಶಿನಕ್ಕೆ ಸುಣ್ಣ ಒಂದು ಚಿಟಿಕೆ ಹೆಚ್ಚಾದರೆ ಬರುವ ಬಣ್ಣ. ಮದುವೆಮನೆಗಳಲ್ಲಿ ಅದನ್ನು ಬೇಕಾದಷ್ಟು ಕಲಸಿದ ಕೈ ನನ್ನದು. ಹಾಗಾಗಿ ಹೆದರಿಕೆ ಆಗಲಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾವಿದ್ದದ್ದು ಮ್ಯಾನ್‌ಹಟನ್ನಿನ ಹೊಳೆಯಾಚೆಯ ಜರ್ಸಿ ಸಿಟಿಯಲ್ಲಿ, ನಾಲ್ಕಂತಸ್ತಿನ ಹಳೆಯ ಕಟ್ಟಡದ ಎರಡನೇ ಮಹಡಿಯಲ್ಲಿ. ಬೆಳಗಿನ ಹೊತ್ತು ನಾನು ಮ್ಯಾನ್‌ಹಟನ್ನಿನ ಒಂದು ಆಫೀಸಿನಲ್ಲಿ ಲಕೋಟೆಗಳ ಮೇಲೆ ವಿಳಾಸ ಟೈಪ್ ಮಾಡುತ್ತಿದ್ದೆ. ಒಂದು ಗಂಟೆಗೆ ಬಿಡುಗಡೆ. ನಮ್ಮವರು ಪಕ್ಕದೂರು ನ್ಯೂಅರ್ಕಿನ ಒಂದು ಕಂಪನಿಯಲ್ಲಿ ಸೇತುವೆಗಳ ನಕ್ಷೆ ಬರೆಯುತ್ತಿದ್ದರು. ಸಂಜೆ ಬಸ್ಸು ಅವರನ್ನು ನಮ್ಮ ಬೀದಿಯ ಮೂಲೆಯಲ್ಲಿ ಇಳಿಸುತ್ತಿತ್ತು. ಒಂದು ಲಾಂಡ್ರಿ, ಅದರ ಎದುರಿಗೆ ಚರ್ಚಿನ ಮೆಟ್ಟಿಲು. ಆ ಮೂಲೆಗೆ ಅದಕ್ಕಿಂತ ಹೆಚ್ಚಿನ ಇತಿಹಾಸವಿರಲಿಲ್ಲ.

ಒಂದು ನವೆಂಬರಿನ ಸಂಜೆ ನಮ್ಮವರು ಬಂದವರೇ ಕೋಟು ಕೂಡ ಬಿಚ್ಚದೆ ಅಡುಗೆಮನೆಯ ಕುರ್ಚಿಯಲ್ಲಿ ಕೂತರು. ಬಡಿಸಿದ ಹುಳಿ ತಣ್ಣಗಾಯಿತು. ಏನಾಯಿತೆಂದು ಕೇಳಿದರೆ ಏನಿಲ್ಲ ಎಂದರು. ಮರುದಿನದಿಂದ ಅವರು ಒಂದು ಸ್ಟಾಪು ಮೊದಲೇ ಇಳಿದು, ಹಿಂದಿನ ಬೀದಿಯಿಂದ ಬಳಸಿಕೊಂಡು ಮನೆಗೆ ಬರತೊಡಗಿದರು. ಊಟ ಅರ್ಧಕ್ಕಿಳಿಯಿತು, ಮಾತು ಕಾಲುಭಾಗಕ್ಕಿಳಿಯಿತು.

ಕನ್ನಡದವರು ಸೇರಿದ್ದ ಒಂದು ಪೂಜೆಯಲ್ಲಿ ಧಾರವಾಡದ ಡಾಕ್ಟರರೊಬ್ಬರು, ಇದು ಈ ದೇಶದ ಚಳಿಗಾಲದ ಕತ್ತಲೆಯ ಕಾಟ, ಮಾರ್ಚಿಗೆ ಹೋಗುತ್ತದೆ ಎಂದರು. ಅವರ ಮನೆಯಾಕೆ, ಕತ್ತಲೆಯೂ ಅಲ್ಲ ಬೆಳಕೂ ಅಲ್ಲ, ದೃಷ್ಟಿ ಎಂದರು. ನಾನು ಎರಡೂ ಪಕ್ಷಗಳಿಗೆ ಸಮಾನ ಗೌರವ ಕೊಟ್ಟು ಮಾರ್ಚಿಗೆ ಕಾಯುತ್ತಲೇ ಒಣಮೆಣಸಿನಕಾಯಿ ನಿವಾಳಿಸಿ ಸ್ಟೋವಿನ ಮೇಲೆ ಸುಟ್ಟೆ. ಮೇಲಿನ ಮನೆಯವನು ಬನಿಯನ್ನಿನಲ್ಲೇ ಕೆಮ್ಮುತ್ತ ಬೀದಿಗೆ ಓಡಿದ. ದೃಷ್ಟಿ ಹೋಗಲಿಲ್ಲ. ಮಾರ್ಚಿ ಬಂತು, ಹೋಯಿತು. ಆಮೇಲೊಂದು ದಿನ ಮೇಜಿನ ಡ್ರಾಯರಿನಲ್ಲಿ ನಮ್ಮವರ ಅಕ್ಷರದಲ್ಲಿ ಒಂದು ರಾಜೀನಾಮೆ ಪತ್ರ ಸಿಕ್ಕಿತು. ತಾವು ಈ ಊರಿನಲ್ಲಿ ಇರಲು ಯೋಗ್ಯರಲ್ಲವೆಂದೂ ಮೈಸೂರಿಗೆ ಹಿಂತಿರುಗುವುದಾಗಿಯೂ ಬರೆದಿದ್ದರು. ಸಹಿ ಇತ್ತು, ತಾರೀಖು ಇರಲಿಲ್ಲ. ದಿನಾ ಬೆಳಿಗ್ಗೆ ಡ್ರಾಯರು ಎಳೆದು ಆ ಖಾಲಿ ಜಾಗದ ದರ್ಶನ ಮಾಡುವುದು ನನ್ನ ನಿತ್ಯಕರ್ಮವಾಯಿತು. ಕೇಳಲು ಧೈರ್ಯವಿರಲಿಲ್ಲ. ಕೇಳಿದರೆ ಅವರು ತಾರೀಖು ಬರೆದುಬಿಟ್ಟರೆ?

ಮನೆಗೆ ಬೇಗ ಹೋಗಲು ಮನಸ್ಸಿಲ್ಲದ ಅಂಥ ದಿನಗಳಲ್ಲೇ ನಾನು ಥಿಯೇಟರು ಹೊಕ್ಕದ್ದು. ಜೋರು ಮಳೆ, ಪೋಸ್ಟರಿನಲ್ಲಿ ಬಂದೂಕು ಹಿಡಿದ ಹೆಂಗಸೊಬ್ಬಳಿದ್ದಳು. ಪೊಲೀಸು ಇಲಾಖೆಯವಳಿರಬೇಕೆಂದು ಟಿಕೆಟ್ ತೆಗೆದುಕೊಂಡೆ. ಅಲ್ಲವೆಂದು ತಿಳಿಯುವಷ್ಟರಲ್ಲಿ ಆರು ಜನ ಸತ್ತಿದ್ದರು, ಮತ್ತು ನನಗೆ ಎದ್ದುಬರಲು ಮನಸ್ಸಿರಲಿಲ್ಲ. ನಮ್ಮ ಮನೆಯ ಮಾಲೀಕ ಚಳಿಗಾಲವಿಡೀ ಮನೆ ಬೆಚ್ಚಗಿಡುವ ಹೀಟರು ಸರಿಮಾಡಿಸಿರಲಿಲ್ಲ. ನಾನು ಅವನಿಗೆ ನಾಲ್ಕು ಸಲ 'ಪ್ಲೀಸ್' ಎಂದು ಚೀಟಿ ಬರೆದಿದ್ದೆ. ಸಿನಿಮಾದಲ್ಲಿ ಅಂಥ ಮಾಲೀಕನನ್ನು ಆಕೆ ಮೂರನೇ ಮಹಡಿಯ ಕಿಟಕಿಯಿಂದ ಎಸೆದಳು. ಸನಾತನ ಧರ್ಮವು ಏಳೇಳು ಜನ್ಮ ಕಾಯಿಸುವ ಕರ್ಮಫಲವನ್ನು ಇವರು ತೊಂಬತ್ತು ನಿಮಿಷದಲ್ಲಿ ಕೈಗೆ ಕೊಡುತ್ತಿದ್ದರು. ಕಥೆ ಕೆಟ್ಟದಾಗಿತ್ತು, ನಟನೆ ಇನ್ನೂ ಕೆಟ್ಟದಾಗಿತ್ತು. ವಾರಕ್ಕೆರಡು ಸಲ ಹೋಗತೊಡಗಿದೆ. ಮನೆಯಲ್ಲಿ ಲೈಬ್ರರಿ ಎಂದು ಹೇಳುತ್ತಿದ್ದೆ.

ಅಲ್ಲಿ ನನಗೊಬ್ಬ ಗುರು ಸಿಕ್ಕಿದ. ಅಂಚೆ ಇಲಾಖೆಯಿಂದ ನಿವೃತ್ತನಾದ ಮುದುಕ, ಕೈಯಲ್ಲಿ ಸದಾ ಮೊಟ್ಟೆಯ ಸ್ಯಾಂಡ್‌ವಿಚ್. ನನ್ನ ಮಡಿಯನ್ನು ಗೌರವಿಸಿ ಒಂದು ಸೀಟು ಬಿಟ್ಟು ಕೂರುತ್ತಿದ್ದ. ಈ ಚಿತ್ರ ಮಾಡುವವರ ಬಳಿ ದುಡ್ಡೂ ಇಲ್ಲ, ಬೀದಿಯಲ್ಲಿ ಶೂಟಿಂಗ್ ಮಾಡಲು ಪರ್ಮಿಟ್ಟೂ ಇಲ್ಲ, ಕ್ಯಾಮೆರಾವನ್ನು ವ್ಯಾನಿನೊಳಗೆ ಬಚ್ಚಿಟ್ಟು ತೆಗೆಯುತ್ತಾರೆ ಎಂದು ಅವನೇ ಹೇಳಿಕೊಟ್ಟದ್ದು. ಹೊಡೆಯುವವರು, ಹೊಡೆಸಿಕೊಳ್ಳುವವರು ನಟರು. ಹಿಂದೆ ಓಡಾಡುವವರು ಏನೂ ಗೊತ್ತಿಲ್ಲದ ನಿಜವಾದ ಜನ. ಪರದೆಯ ಮೇಲಿನ ಪಾಪಿಗಳನ್ನು ಗಟ್ಟಿಯಾಗಿ ಬೈಯುವುದು ಪ್ರೇಕ್ಷಕರ ಕರ್ತವ್ಯವೆಂದೂ ಅವನೇ ಕಲಿಸಿದ. ನಾನು ಕನ್ನಡದಲ್ಲಿ ಬೈಯುತ್ತಿದ್ದೆ. ಮರ್ಯಾದೆಗೆ ಭಂಗವಿರಲಿಲ್ಲ.

ಸೆಪ್ಟೆಂಬರಿನಲ್ಲಿ ಒಂದು ಹೊಸ ಚಿತ್ರ ಬಂತು. ಮೊದಲ ದೃಶ್ಯದಲ್ಲೇ ಮೂವರು ಪುಂಡರು ಒಬ್ಬ ಅಂಗಡಿಯವನನ್ನು ರಸ್ತೆಗೆಳೆದು ಹೊಡೆಯುತ್ತಾರೆ. ಅವನು ಕೈ ಚಾಚುತ್ತಾನೆ. ಕೋಟಿನ ಕಾಲರೆತ್ತಿ, ಟೋಪಿ ಕಿವಿಯವರೆಗೆ ಎಳೆದುಕೊಂಡ ಒಬ್ಬ ಮನುಷ್ಯ ಎರಡು ಮಾರು ದೂರದಲ್ಲಿ ಬಂದವನು ಒಂದು ಕ್ಷಣ ನಿಂತು, ತಲೆ ತಗ್ಗಿಸಿ, ಬೇಗಬೇಗ ನಡೆದುಹೋಗುತ್ತಾನೆ. ಬೆನ್ನಷ್ಟೇ ಕಾಣುತ್ತದೆ. ಇಡೀ ಥಿಯೇಟರು ಅವನನ್ನು ಬೈಯಿತು, ನನ್ನ ಗುರು ಸ್ಯಾಂಡ್‌ವಿಚ್ ಕೆಳಗಿಟ್ಟು ಬೈದ. ನಾನೂ ಶಕ್ತ್ಯನುಸಾರ ಬೈದೆ. ಆಮೇಲೆ ನೋಡುತ್ತೇನೆ: ಲಾಂಡ್ರಿ, ಚರ್ಚಿನ ಮೆಟ್ಟಿಲು. ನಮ್ಮ ಮೂಲೆ!

ನನಗೆ ಹಬ್ಬವಾಯಿತು. ಇನ್ನೆರಡು ಸಲ ಹೋಗಿ ನೋಡಿದೆ. ಕೊನೆಗೆ ಆ ಮೂವರೂ ಸಾಯುವುದು ಅದೇ ಮೂಲೆಯಲ್ಲೇ. ನಮ್ಮವರಿಗೆ ಆ ಮೂಲೆಯ ಮೇಲೆ ಏನೋ ಭಯ ಕೂತಿದೆ, ಅಲ್ಲಿ ದುಷ್ಟರು ಓಕುಳಿಯಲ್ಲಿ ಹೊರಳುವುದನ್ನು ಕಣ್ಣಾರೆ ನೋಡಿದರೆ ಬಿಟ್ಟುಹೋದೀತು ಎಂದು ನನ್ನ ವೈದ್ಯಶಾಸ್ತ್ರ ನಿರ್ಣಯಿಸಿತು. ಒಂದು ಶನಿವಾರ ಲೈಬ್ರರಿಯ ಸತ್ಯವನ್ನು ಒಪ್ಪಿಕೊಂಡೆ. ನಮ್ಮವರು, ಒಬ್ಬಳೇ ಹೋಗುತ್ತಿದ್ದೆಯಾ ಎಂದರು, ಅಷ್ಟೆ. ಮಧ್ಯಾಹ್ನದ ಆಟಕ್ಕೆ ಹೊರಟೆವು.

ಮುದುಕ ಅಲ್ಲೇ ಇದ್ದ. ದೀಪ ಆರಿತು. ಅಂಗಡಿಯವನು ಬಿದ್ದ, ಕೈ ಚಾಚಿದ, ಟೋಪಿಯವನು ಬಂದ, ನಿಂತ, ನಡೆದುಹೋದ. ಅಭ್ಯಾಸಬಲ, ನನ್ನ ಬಾಯಿಂದ ಬಂದೇಬಿಟ್ಟಿತು.

"ಥೂ, ಇವನೂ ಒಬ್ಬ ಮನುಷ್ಯನಾ."

ಆ ಥಿಯೇಟರಿನಲ್ಲಿ ನನ್ನನ್ನು ಬಿಟ್ಟರೆ ಕನ್ನಡ ಬಲ್ಲವರು ಒಬ್ಬರೇ ಇದ್ದರು. ಅವರು ಪರದೆಯ ಮೇಲಿಂದ ಕಣ್ಣು ತೆಗೆಯದೆ ಹೇಳಿದರು:

"ಅದು ನಾನು ಕಣೇ."

ಪರದೆಯಲ್ಲಿ ಆ ಬೆನ್ನು ಇನ್ನೂ ಹೋಗುತ್ತಲೇ ಇತ್ತು. ಆಗ ಕಂಡಿತು, ಎಡಗೈಯಲ್ಲಿ ತೂಗುತ್ತಿದ್ದ ಬಟ್ಟೆಯ ಚೀಲ. ಅದರೊಳಗಿನ ಡಬ್ಬಿಗೆ ಅವತ್ತು ಬೆಳಿಗ್ಗೆ ನಾನೇ ಚಪಾತಿ ತುಂಬಿದ್ದೆ. ಮೂರು ಸಲ ನೋಡಿದ್ದೆ. ಹೊಡೆಯುವವರನ್ನು ನೋಡಿದ್ದೆ, ಹೊಡೆಸಿಕೊಳ್ಳುವವನನ್ನು ನೋಡಿದ್ದೆ.

ಮುದುಕ ಬಗ್ಗಿ, ಯಜಮಾನರು ಏನೆಂದರು ಎಂದು ಕೇಳಿದ. ಬಾಯಿಗೆ ಬೇರೇನೂ ಬಾರದೆ ಇದ್ದದ್ದನ್ನೇ ಹೇಳಿದೆ. ಅವನ ಮುಖ ಅರಳಿತು. ಸೀಟು ದಾಟಿ ಬಂದು ನಮ್ಮವರ ಕೈಹಿಡಿದು ಕುಲುಕಿದ; ಎಷ್ಟು ನ್ಯಾಚುರಲ್ ಆಗಿ ಮಾಡಿದ್ದೀರಿ, ನಟರಿಗೂ ಹೀಗೆ ಬರುವುದಿಲ್ಲ ಎಂದ. ನಮ್ಮವರು ಥ್ಯಾಂಕ್ಯೂ ಎಂದರು.

ವಾಪಸು ರೈಲಿನಲ್ಲಿ ನಾನು ಸಾಧ್ಯವಾದ ಸಮಾಧಾನವನ್ನೆಲ್ಲ ಹೇಳಿದೆ. ಅದು ನಟನೆ, ವ್ಯಾನಿನೊಳಗೆ ಕ್ಯಾಮೆರಾ ಇತ್ತು, ಆ ಅಂಗಡಿಯವನು ಆಮೇಲೆ ಎದ್ದು ಮೈ ಕೊಡವಿಕೊಂಡು ಕಾಫಿ ಕುಡಿದಿರುತ್ತಾನೆ, ಯಾರಿಗೂ ಏನೂ ಆಗಿಲ್ಲ. ನಮ್ಮವರು ಪೂರ್ತಿ ಕೇಳಿದರು.

"ಸರಿ," ಎಂದರು. "ನನಗೆ ಆಗ ಅದು ಗೊತ್ತಿರಲಿಲ್ಲ ಅಲ್ವಾ."

 

ಅವತ್ತು ಸ್ಟೇಷನ್ನಿನಿಂದ ನಮ್ಮವರು ಹಿಂದಿನ ಬೀದಿ ಹಿಡಿಯಲಿಲ್ಲ. ನೇರ ಮೂಲೆಗೆ ಬಂದು ಲಾಂಡ್ರಿಯ ಮುಂದೆ ನಿಂತರು. ನಾನೂ ಪಕ್ಕದಲ್ಲಿ ನಿಂತೆ. ಫುಟ್‌ಪಾತಿನ ಮೇಲೆ ಏನೂ ಇರಲಿಲ್ಲ. ಲಾಂಡ್ರಿಯಾಕೆ ಬಾಗಿಲಿಗೆ ಬಂದು ಬಸ್ಸಿಗೆ ಕಾಯುತ್ತಿದ್ದೀರಾ ಎಂದು ಕೇಳಿದಳು. ನಮ್ಮವರು ಹೌದೆಂದರು. ಬಸ್ಸು ಬಂತು, ಡ್ರೈವರು ಬಾಗಿಲು ತೆರೆದು ನಮ್ಮನ್ನು ನೋಡಿ, ನಾವು ಅಲುಗದಿದ್ದುದರಿಂದ ಮುಚ್ಚಿಕೊಂಡು ಹೋದ. ಇನ್ನೊಂದು ಬಂತು. ಅದೂ ಹೋಯಿತು.

ಗುಣವಾದರು ಎಂದು ಬರೆಯಲು ಕೈ ಬರುವುದಿಲ್ಲ. ಸೋಮವಾರದಿಂದ ಅವರು ಆ ಮೂಲೆಯಲ್ಲೇ ಇಳಿಯತೊಡಗಿದರು. ಇಳಿದು, ಕೈಯಲ್ಲಿ ಚೀಲ ಹಿಡಿದು, ಐದು ನಿಮಿಷ ಸುಮ್ಮನೆ ನಿಂತು ಆಮೇಲೆ ಮನೆಗೆ ಬರುತ್ತಿದ್ದರು. ಹಿಮ ಬಿದ್ದ ದಿನವೂ ಬಿಡಲಿಲ್ಲ. ಎರಡನೇ ಮಹಡಿಯ ಕಿಟಕಿಯಿಂದ ನನಗೆ ಅದೇ ಬೆನ್ನು ಕಾಣುತ್ತಿತ್ತು. ಬಡಿಸಿದ ಹುಳಿ ಆರುತ್ತಿತ್ತು. ಕರೆಯುತ್ತಿರಲಿಲ್ಲ. ಬೆಳಿಗ್ಗೆ ಡ್ರಾಯರು ಎಳೆದು ನೋಡುತ್ತಿದ್ದೆ. ತಾರೀಖಿನ ಜಾಗ ಖಾಲಿಯೇ ಇರುತ್ತಿತ್ತು.