ಅಪ್ಪನ ಕೊರಳಲ್ಲಿ ಅವ್ವನ ಲಿಂಗ

ನನ್ನಪ್ಪ ರಾಚಪ್ಪ ಇಳಕಲ್ಲಿನಲ್ಲಿ ನಲವತ್ತು ವರ್ಷ ಸೀರೆ ನೇಯ್ದವನು. ಅವ್ವ ಗುರುಸಿದ್ದವ್ವ ಮಗ್ಗದ ಪಕ್ಕದಲ್ಲಿ ಕೂತು ಕಂಡಿಕೆಗೆ ನೂಲು ಸುತ್ತಿ ಕೊಡುತ್ತಿದ್ದಳು. ೧೯೮೪ರ ದಸರೆ ಮುಗಿದ ವಾರದಲ್ಲೇ ಅವಳು ತೀರಿಕೊಂಡಳು. ಅಪ್ಪ ಅಳಲಿಲ್ಲ. ಐದನೆಯ ದಿನ ಮಗ್ಗಕ್ಕೆ ಇಳಿದ. ಉಣ್ಣು ಅಂದರೆ ಉಂಡ, ಮಲಗು ಅಂದರೆ ಮಲಗಿದ. ಓಣಿಯವರು ಎಂಥ ಕಲ್ಲೆದೆ ಅಂದರು. ನಾನು ಸಾಲಿ ಮಾಸ್ತರ, ಎಲ್ಲದಕ್ಕೂ ಕಾರಣ ಕೇಳುವ ಚಟದವನು. ಅವನನ್ನು ನೋಡಿದರೆ ನನಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚು ಬರುತ್ತಿತ್ತು.

ಎರಡು ತಿಂಗಳ ಮೇಲೆ ಒಂದು ಮುಂಜಾನೆ ಪೂಜೆಗೆ ಕೂತವನು ಅಂಗೈಯಲ್ಲಿದ್ದ ಇಷ್ಟಲಿಂಗ ತೋರಿಸಿ, "ಇದು ನಂದಲ್ಲೋ, ನಿಮ್ಮವ್ವಂದು" ಅಂದ.

ನಮ್ಮಲ್ಲಿ ಸತ್ತವರನ್ನು ಮಣ್ಣು ಮಾಡುವಾಗ ಅವರ ಕೊರಳಿನ ಲಿಂಗವನ್ನು ಅವರ ಅಂಗೈಯಲ್ಲೇ ಇಟ್ಟು ಕಳಿಸುತ್ತೇವೆ. ಅವ್ವನದನ್ನು ಬಿಚ್ಚಿ ಅಪ್ಪನ ಕೈಗೆ ಕೊಟ್ಟಿದ್ದರು. ಸಮಾಧಿಯ ಕುಣಿಗೆ ಇಳಿದು ನಿಂತಿದ್ದ ನಮ್ಮ ಅಯ್ಯನವರು ಸಂಗಯ್ಯ ಲಿಂಗಕ್ಕಾಗಿ ಕೈ ಚಾಚಿದಾಗ, ಅಪ್ಪ ತನ್ನ ಕೊರಳಿನದನ್ನೇ ತೆಗೆದು ಕೊಟ್ಟಿದ್ದ. ಅವ್ವನದು ತನ್ನಲ್ಲೇ ಉಳಿದದ್ದು ಮನೆಗೆ ಬಂದು ಮುಷ್ಟಿ ಬಿಚ್ಚಿದಾಗಲೇ ಅವನಿಗೆ ಗೊತ್ತಾದದ್ದು. ಯಾರಿಗೂ ಹೇಳದೆ ಅದನ್ನೇ ಕಟ್ಟಿಕೊಂಡು ಪೂಜೆ ಮಾಡುತ್ತಿದ್ದ.

ನಾನು ಹೋಗಿ ಹೇಳಿದರೆ ಸಂಗಯ್ಯನವರು ಬೈಯಲಿಲ್ಲ. ಅಪ್ಪನಿಗೆ ಹೊಸ ಲಿಂಗ ಕಟ್ಟಿ, "ಒಂದ್ ಕೊಳ್ಳಾಗ ಎರಡ್ ಲಿಂಗ ಇರಬಾರದು ರಾಚಪ್ಪ. ಆಕಿದನ್ನ ಸಂಗಮದಾಗ ಬಿಟ್ಟು ಬಾ" ಅಂದರು.

"ಆತ್ರಿ" ಅಂದ ಅಪ್ಪ. ಅಷ್ಟೇ.

ಆ ವರ್ಷ ಎಳ್ಳಮಾವಾಸ್ಯೆ ಶನಿವಾರ ಬಿತ್ತು. ಅಮಾವಾಸ್ಯೆಗೆ ನಮ್ಮೂರ ಮಗ್ಗಗಳೆಲ್ಲ ಬಂದ್. ಮರುದಿನ ಹೇಗೂ ರವಿವಾರದ ಸೂಟಿ. ಹೋಗುವುದು ಇದ್ದೇ ಇದೆ, ಮಕ್ಕಳೂ ದೋಣಿ ಹತ್ತಲಿ, ಮುದುಕನ ಮನಸ್ಸೂ ಹಗುರಾಗಲಿ ಎಂದು ಮಹಾ ಶಾಣ್ಯಾನಂತೆ ನಾನೇ ಎರಡು ದಿನದ ಪ್ರವಾಸ ಹೂಡಿದೆ. ಕೂಡಲಸಂಗಮದಲ್ಲಿ ಅಂಬಿಗರ ಮುದಕಪ್ಪನ ದೋಣಿ ಗೊತ್ತು ಮಾಡಿದೆ. ನನ್ನ ಹೆಂಡತಿ ಸಂಗವ್ವ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆಯ ಗಂಟು ಕಟ್ಟಿದಳು.

ಮುದಕಪ್ಪ ತೇಪೆ ಹಾಕಿದ ಹಾಯಿ ಏರಿಸಿದ. ಗಾಳಿ ಹಿಡಿದು ದೋಣಿ ಸರ್ರನೆ ಸಾಗಿತು. ನನ್ನ ಹೆಣ್ಣುಮಕ್ಕಳಿಬ್ಬರೂ ಕೇಕೆ ಹಾಕಿದರು. ಅಪ್ಪ ಹಾಯಿಯ ಬಟ್ಟೆ ಹಿಚುಕಿ ನೋಡಿ, "ನೇಯ್ಗಿ ಸಡ್ಲ ಐತಿ" ಅಂದ. ಆ ಇಡೀ ದಿನ ಅವನು ಆಡಿದ ಮಾತು ಅದೊಂದೇ. ಕೃಷ್ಣೆ, ಮಲಪ್ರಭೆ ಕೂಡುವಲ್ಲಿ ನಾನು ಕಣ್ಸನ್ನೆ ಮಾಡಿದೆ. ಅಪ್ಪ ಜೇಬಿಗೆ ಕೈ ಹಾಕಿದ, ಬರಿಗೈ ತೆಗೆದ. "ನಾಳಿ ಬಿಡ್ತಾರ ತಗೋರಿ, ಅವಸರೇನೈತಿ" ಎಂದು ಸಂಗವ್ವ ನನ್ನನ್ನು ಸುಮ್ಮನಾಗಿಸಿದಳು. ರಾತ್ರಿ ಧರ್ಮಶಾಲೆಯಲ್ಲಿ ಮಲಗಿದೆವು.

ರವಿವಾರವೂ ಹಾಗೆಯೇ ಕಳೆಯಿತು. ಮಕ್ಕಳು ಹೋಳಿಗೆ ತಿಂದರು, ನೀರು ಎರಚಾಡಿದರು. ಅಪ್ಪ ನೀರು ನೋಡುತ್ತ ಕೂತ. ಸಂಜೆ ದೋಣಿಯ ಕೊನೆಯ ಸುತ್ತಿಗೆ ನನ್ನ ತಾಳ್ಮೆ ತೀರಿತು.

"ಅಪ್ಪಾ, ಸಣ್ಣ ಹುಡುಗರಂಗ ಆಡಬ್ಯಾಡ. ಬಿಟ್ಟುಬಿಡು, ಒಮ್ಮೆ ಮುಗೀಲಿ."

ಮಕ್ಕಳ ಮುಂದೆಯೇ ಗದರಿದೆ. ಆ ಮಾತು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಅಪ್ಪ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಕೈ ನೀರಿಗೆ ಇಳಿಸಿದ. ಇನ್ನೇನು ಬಿಟ್ಟ ಅಂದುಕೊಂಡೆ. ಬಿಡಲಿಲ್ಲ. ಮೊಣಕೈವರೆಗೆ ಕೈ ಮುಳುಗಿಸಿ, ದೋಣಿಯ ಅಂಚಿಗೆ ಒರಗಿ ಕೂತುಬಿಟ್ಟ.

"ಯಜಮಾನ್ರ, ನೀರು ಭಾಳ ತಣ್ಣಗ ಅದಾವ್ರಿ. ಕೈ ಸೆಟೀತೈತಿ" ಎಂದ ಮುದಕಪ್ಪ.

ಅಪ್ಪ ದಂಡೆ ಬರುವ ತನಕ ಕೈ ಮೇಲೆತ್ತಲಿಲ್ಲ. ಎತ್ತಿದಾಗಲೂ ಬೆರಳು ಮಡಚಿಯೇ ಇದ್ದವು. ಸಂಗವ್ವ ಸೆರಗಿನಿಂದ ಒರೆಸುತ್ತ, ಒಂದೊಂದೇ ಬೆರಳು ಬಿಡಿಸಿದಳು. ಒಳಗೆ ಏನೂ ಇರಲಿಲ್ಲ.

ಅಪ್ಪ ಅಂಗೈ ನೋಡಿಕೊಂಡ. "ಯಾವಾಗ ಹೋತು?" ಎಂದು ನನ್ನನ್ನು ಕೇಳಿದ.

"ಗೊತ್ತಿಲ್ಲಪಾ."

"ನಾ ಹಿಡಕೊಂಡೇ ಇದ್ದೆ" ಅಂದ. ಆಮೇಲೆ ಬಸ್ಸಿನ ಹೊತ್ತು ಹೇಳುವ ದನಿಯಲ್ಲಿ ಹೇಳಿದ: "ದವಾಖಾನ್ಯಾಗ ನಿಮ್ಮವ್ವನ ಕೈನೂ ಹಿಂಗ ಹಿಡಕೊಂಡು ಕುಂತಿದ್ದೆ. ನರ್ಸಬಾಯಿ ಬಂದು, ಅಜ್ಜಾ ಕೈ ಬಿಡು, ಆಕಿ ಹೋಗಿ ಭಾಳ ಹೊತ್ತಾತು ಅಂದ್ಲು."

ಅಳು ಬಂದದ್ದು ನನಗೆ. ದೋಣಿಯಲ್ಲೇ ಕೂತು ಅತ್ತೆ. ಅಪ್ಪ ಆ ಮರಗಟ್ಟಿದ ಕೈಯನ್ನು ನನ್ನ ಹೆಗಲ ಮೇಲಿಟ್ಟು, ನಾನು ಸುಮ್ಮನಾಗುವ ತನಕ ಹಾಗೇ ನಿಂತಿದ್ದ.